ಕೂಟವನ್ನು ಬಿಡದ ಯಾತ್ರಿಕನು: ಜಾನ್ ಬನ್ಯನನ ಚರಿತ್ರೆ

ಮನೆಯಲ್ಲಿಯೇ ಸತ್ಯವೇದವನ್ನು ಓದಿ ಪ್ರಾರ್ಥಿಸಿದರೆ ಸಾಲದೋ, ಆದಿತ್ಯವಾರ ತಪ್ಪದೆ ಸಭೆಯಾಗಿ ಕೂಡಿಬರಬೇಕೋ ಎಂಬ ಪ್ರಶ್ನೆಯು ನಮ್ಮ ಹಳ್ಳಿಗಳ ಸಭೆಗಳಲ್ಲಿ ಆಗಾಗ ಹುಟ್ಟುವದುಂಟು. ಹೊಲದ ಕೆಲಸವು ಹೆಚ್ಚಿದಾಗಲೂ, ಮಳೆಯಿಂದ ದಾರಿಯು ಕೆಸರಾದಾಗಲೂ, ಸಭಿಕರೊಳಗೆ ಒಬ್ಬನೊಡನೆ ಮನಸ್ತಾಪ ಬಂದಾಗಲೂ ಈ ಪ್ರಶ್ನೆಯು ಬಲವಾಗುತ್ತದೆ. ನಾವು ಈ ಸಾರಿ ವಾದವನ್ನು ಹೂಡದೆ, ಕೂಟಕ್ಕಾಗಿ ಹನ್ನೆರಡು ವರುಷ ಸೆರೆಯಲ್ಲಿದ್ದ ಒಬ್ಬನ ಚರಿತ್ರೆಯನ್ನು ವಾಚಕರ ಮುಂದೆ ಇಡುತ್ತೇವೆ. ಇವನು, ನಮ್ಮ ಭಾಷೆಯಲ್ಲಿ ‘ಯಾತ್ರಿಕನ ಸಂಚಾರ’ವೆಂದು ಬಹುಕಾಲದಿಂದ ಓದಲ್ಪಡುತ್ತಿರುವ ಗ್ರಂಥವನ್ನು ಬರೆದ ಜಾನ್ ಬನ್ಯನನು.

ಬನ್ಯನನು 1628ರಲ್ಲಿ ಇಂಗ್ಲೆಂಡ್ ದೇಶದ ಬೆಡ್‌ಫೋರ್ಡ್ ಪಟ್ಟಣಕ್ಕೆ ಸಮೀಪವಾದ ಎಲ್‌ಸ್ಟೋ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆಯು ಹಳೆಯ ಪಾತ್ರೆಗಳಿಗೆ ಬೆಸುಗೆ ಹಾಕಿ ಜೀವಿಸುವ ಬಡವನು. ಮಗನೂ ಸ್ವಲ್ಪ ಓದುಬರಹವನ್ನು ಕಲಿತು ಅದೇ ಕಸಬನ್ನು ಹಿಡಿದನು. 1644ರಲ್ಲಿ ತಾಯಿಯೂ, ಅವಳ ಹಿಂದೆಯೇ ತಂಗಿಯೂ ತೀರಿಹೋದರು. ಆ ವರುಷವೇ ಅವನು ಪಾರ್ಲಿಮೆಂಟಿನ ದಂಡಿನಲ್ಲಿ ಸೇರಿ ಕೆಲವು ವರುಷ ಸಿಪಾಯಿಯಾಗಿದ್ದನು. ಊರಿಗೆ ತಿರಿಗಿ ಬಂದು ಮದುವೆಯಾದಾಗ ಗಂಡಹೆಂಡಿರಿಗೆ ಒಂದು ತಟ್ಟೆಯಾಗಲಿ ಚಮಚವಾಗಲಿ ಇರಲಿಲ್ಲ. ಹೆಂಡತಿಯು ತಂದ ಆಸ್ತಿಯೆಂದರೆ ಅವಳ ತಂದೆಯ ಎರಡು ಭಕ್ತಿಗ್ರಂಥಗಳೇ. 1650ರಲ್ಲಿ ಹುಟ್ಟಿದ ಚೊಚ್ಚಲ ಮಗಳಾದ ಮೇರಿಯು ಕುರುಡಿಯಾಗಿದ್ದಳು.

ಆ ಕಾಲದಲ್ಲಿ ಬನ್ಯನನು ತಕ್ಕಮಟ್ಟಿಗೆ ನಡತೆಯನ್ನು ತಿದ್ದಿಕೊಂಡು ತನ್ನ ನೀತಿಯಲ್ಲಿ ತೃಪ್ತನಾಗಿದ್ದನು. ಒಂದು ದಿನ ಕೆಲಸಕ್ಕಾಗಿ ಬೆಡ್‌ಫೋರ್ಡಿಗೆ ಹೋದಾಗ, ಮೂರು ನಾಲ್ಕು ಮಂದಿ ಬಡ ಹೆಂಗಸರು ಒಂದು ಮನೆಯ ಬಾಗಲಲ್ಲಿ ಬಿಸಿಲಿಗೆ ಕೂತುಕೊಂಡು ಮಾತಾಡುವದನ್ನು ಕಂಡನು. ಅವರು ಊರಿನ ಸುದ್ದಿಯನ್ನಲ್ಲ, ದೇವರು ತಮ್ಮ ಹೃದಯಗಳಲ್ಲಿ ನಡಿಸಿದ ಕಾರ್ಯವನ್ನು ಕುರಿತು ಮಾತಾಡುತ್ತಿದ್ದರು. ಬನ್ಯನನು ಹತ್ತಿರ ಹೋಗಿ ಕಿವಿಗೊಟ್ಟನು. ಆದರೆ ಅವರ ಮಾತಿನ ಅನುಭವವು ತನಗಿಲ್ಲವೆಂದು ತಿಳಿದು ನಾಚಿದನು. ಅವರ ಮುಖಗಳಲ್ಲಿದ್ದ ಸಂತೋಷವು ಅವನ ಮನಸ್ಸನ್ನು ಬಿಡಲಿಲ್ಲ. ಪುನಃ ಪುನಃ ಅವರ ಬಳಿಗೆ ಹೋದನು. ಅವರು ತಮ್ಮ ಬೋಧಕನಾದ ಜಾನ್ ಗಿಫರ್ಡನ ಬಳಿಗೆ ಅವನನ್ನು ನಡಿಸಿದರು. ಬಹುಕಾಲ ಸಂದೇಹಗಳೊಡನೆ ಹೋರಾಡಿ ಕೊನೆಗೆ ಅವನು ಕ್ರಿಸ್ತನಲ್ಲಿ ಸಮಾಧಾನವನ್ನು ಕಂಡು ಆ ಚಿಕ್ಕ ಸಭೆಯಲ್ಲಿ ಸೇರಿದನು. ಬೆಸುಗೆಯವನಾದ ಇವನಲ್ಲಿ ಬೋಧಿಸುವ ವರವು ಉಂಟೆಂದು ಮೊದಲು ಕಂಡುಕೊಂಡವರೂ ಆ ಸಭೆಯವರೇ. ತಾನಾಗಿ ಒಂಟಿಯಾಗಿದ್ದರೆ ಬನ್ಯನನು ಇವುಗಳಲ್ಲಿ ಯಾವದನ್ನು ಹೊಂದುತ್ತಿದ್ದನು ಎಂಬದನ್ನು ವಾಚಕರು ಯೋಚಿಸಲಿ.

1658ರಲ್ಲಿ ಹೆಂಡತಿಯು ನಾಲ್ಕು ಮಕ್ಕಳನ್ನು ಬಿಟ್ಟು ಸತ್ತಳು. ಮರು ವರುಷ ಬನ್ಯನನು ಎಲಿಜಬೆತಳನ್ನು ಮದುವೆಯಾದನು. ಬಳಿಕ 1660ರಲ್ಲಿ ಎರಡನೆಯ ಚಾರ್ಲ್ಸ್ ಅರಸನು ಪಟ್ಟಕ್ಕೆ ಬಂದನು. ಸರಕಾರದಿಂದ ಸ್ಥಾಪಿತವಾದ ಸಭೆಗೆ ಹೋಗದೆ ಬೇರೆ ಕೂಟಗಳನ್ನು ನಡಿಸುವವರನ್ನು ದಂಡಿಸುವ ಹಳೆಯ ಕಾನೂನು ತಿರಿಗಿ ಜಾರಿಗೆ ಬಂತು. ಆ ವರುಷದ ನವೆಂಬರ್ 12ರಂದು ಬನ್ಯನನು ಲೋವರ್ ಸ್ಯಾಮ್‌ಸೆಲ್ ಎಂಬ ಗ್ರಾಮದ ಒಂದು ಮನೆಯಲ್ಲಿ ಪ್ರಸಂಗಿಸಬೇಕಾಗಿತ್ತು. ತನ್ನನ್ನು ಹಿಡಿಯಲು ಅಪ್ಪಣೆ ಹೊರಟಿದೆಯೆಂಬ ಸುದ್ದಿಯು ಅವನಿಗೆ ಮುಂಚಿತವಾಗಿಯೇ ಮುಟ್ಟಿತು. ಮನೆಯವನು ಕೂಟವನ್ನು ನಿಲ್ಲಿಸೋಣವೋ ಎಂದು ಕೇಳಿದನು. ಬನ್ಯನನು ಹೊರಗೆ ಅಡ್ಡಾಡುತ್ತಾ ಯೋಚಿಸಿದನು. ತಾನು ಓಡಿಹೋದರೆ, ಹೊಸದಾಗಿ ನಂಬಿದ ಬಲಹೀನ ಸಹೋದರರು ಏನೆಂದುಕೊಂಡಾರು? ಬಾಯಿಮಾತಿನ ಧೈರ್ಯವು ಆಪತ್ತಿನಲ್ಲಿ ನಿಲ್ಲದೆಂದು ತಿಳಿದು ಅವರು ಚದರಿಹೋಗರೋ? ಈ ಯೋಚನೆಯಿಂದ ಒಳಗೆ ಬಂದು ಪ್ರಾರ್ಥಿಸಿ ಕೂಟವನ್ನು ಪ್ರಾರಂಭಿಸಿದನು. ಅಲ್ಲಿಯೇ ಹಿಡಿಯಲ್ಪಟ್ಟನು.

ಮುಂದಿನ ಜನವರಿಯಲ್ಲಿ ನ್ಯಾಯಸ್ಥಾನದವರು ಅವನಿಗೆ ಮೂರು ತಿಂಗಳ ಸೆರೆಯನ್ನು ವಿಧಿಸಿ, ಅನಂತರವೂ ಒಪ್ಪದಿದ್ದರೆ ದೇಶಭ್ರಷ್ಟನಾಗುವನೆಂದು ಬೆದರಿಸಿದರು. ಮೂರು ತಿಂಗಳು ಕಳೆಯುತ್ತಿರುವಾಗ ನ್ಯಾಯಸ್ಥಾನದ ಗುಮಾಸ್ತನು ಸೆರೆಮನೆಗೆ ಬಂದು ಸ್ನೇಹಭಾವದಿಂದಲೇ ಬುದ್ಧಿಹೇಳಿದನು: ನೆರೆಯವರಿಗೆ ಒಬ್ಬೊಬ್ಬರಾಗಿ ಒಳ್ಳೇ ಮಾತುಗಳನ್ನು ಹೇಳಲು ಅಡ್ಡಿಯಿಲ್ಲ, ಜನರನ್ನು ಕೂಡಿಸದಿದ್ದರೆ ಸಾಕು. ಇದು ಎಷ್ಟು ಹಗುರವಾದ ಷರತ್ತು! ಒಂದು ಮಾತು ಕೊಟ್ಟಿದ್ದರೆ ಹೆಂಡತಿಮಕ್ಕಳ ಬಳಿಗೆ ಹೋಗಬಹುದಾಗಿತ್ತು. ಆದರೆ ಒಬ್ಬನಿಗೆ ಹೇಳುವದು ಒಳ್ಳೆಯದಾದರೆ ಇಬ್ಬರಿಗೂ, ಇಬ್ಬರಿಗೆ ಒಳ್ಳೆಯದಾದರೆ ಸಭೆಗೂ ಒಳ್ಳೆಯದೇ ಎಂದು ಬನ್ಯನನು ಉತ್ತರಕೊಟ್ಟು ಸೆರೆಯಲ್ಲಿಯೇ ಉಳಿದನು.

ಇದರ ಬೆಲೆಯು ಅಲ್ಪವಾಗಿರಲಿಲ್ಲ. ಗಂಡನು ಹಿಡಿಯಲ್ಪಟ್ಟ ಸುದ್ದಿಯನ್ನು ಕೇಳಿ ಗರ್ಭಿಣಿಯಾಗಿದ್ದ ಎಲಿಜಬೆತಳಿಗೆ ಅಕಾಲದಲ್ಲಿ ಹೆರಿಗೆಯಾಗಿ ಶಿಶುವು ಸತ್ತಿತು. 1661ರ ಆಗಸ್ಟಿನಲ್ಲಿ ಅವಳು ನ್ಯಾಯಾಧಿಪತಿಗಳ ಮುಂದೆ ನಿಂತು, ಮಲಮಕ್ಕಳು ನಾಲ್ವರೆಂದೂ ಒಬ್ಬಳು ಕುರುಡಿಯೆಂದೂ ಧರ್ಮಿಷ್ಠರ ಸಹಾಯದ ಹೊರತು ಜೀವನಕ್ಕೆ ಏನೂ ಇಲ್ಲವೆಂದೂ ಮೊರೆಯಿಟ್ಟಳು. ಹೇಲ್ ಎಂಬ ನ್ಯಾಯಾಧಿಪತಿಯು ಮರುಗಿದನು, ಆದರೂ ಬಿಡುಗಡೆಯಾಗಲಿಲ್ಲ. ಬನ್ಯನನು ಸೆರೆಯಲ್ಲಿ ತುದಿಗೆ ತಗಡು ಕಟ್ಟಿದ ಲಾಡಿಗಳನ್ನು ಮಾಡಿ ಮಾರಿಸಿ ಮನೆಯನ್ನು ಪೋಷಿಸಿದನು. ಕುರುಡ ಮಗಳ ನೆನಪು ಬಂದಾಗ ತನ್ನ ಮಾಂಸವನ್ನೇ ಎಲುಬಿನಿಂದ ಕಿತ್ತಂತೆ ಅವನಿಗೆ ವೇದನೆಯಾಗುತ್ತಿತ್ತು. ಇವನು ಕಲ್ಲೆದೆಯವನಾಗಿದ್ದನೆಂದು ಯಾರೂ ನೆನಸಬಾರದು.

ಸೆರೆಯಲ್ಲಿಯೂ ಕೂಟವು ನಿಲ್ಲಲಿಲ್ಲ. ಇದೇ ನಿಮಿತ್ತದಿಂದ ಸೆರೆಯಾಗಿದ್ದ ಇತರ ವಿಶ್ವಾಸಿಗಳು ಅಲ್ಲಿ ಕೂಡಿ ಆರಾಧಿಸುತ್ತಿದ್ದರು. ಒಂದು ಆದಿತ್ಯವಾರ ಬೋಧಿಸುವ ಸರದಿಯು ಬನ್ಯನನದಾಗಿತ್ತು. ಆದರೆ ಅವನ ಹೃದಯವು ಒಣಗಿಹೋಗಿ, ಐದು ಮಾತಾಡುವದಕ್ಕೂ ಶಕ್ತಿಯಿಲ್ಲವೆಂದು ತೋರಿತು. ಆಗ ಪ್ರಕಟನೆಯ ಪುಸ್ತಕದಲ್ಲಿ ಪರಲೋಕದಿಂದ ಇಳಿದುಬರುವ ಯೆರೂಸಲೇಮಿನ ವರ್ಣನೆಯ ಮೇಲೆ ಅವನ ಕಣ್ಣು ಬಿತ್ತು. ಸಹೋದರರ ಮುಂದೆ ಅದನ್ನು ವಿವರಿಸುತ್ತಾ ಹೋದ ಹಾಗೆ ಎಲ್ಲರಿಗೂ ತೃಪ್ತಿಯಾಗಿ, ಐದು ರೊಟ್ಟಿಗಳ ಅದ್ಭುತದಲ್ಲಿಯಂತೆ, ಇನ್ನೂ ಮಿಕ್ಕಿತು. ಆ ಮಿಕ್ಕದ್ದರಿಂದ 1665ರಲ್ಲಿ ಒಂದು ಗ್ರಂಥವೇ ಹುಟ್ಟಿತು. ಬರಿದಾದ ಮನಸ್ಸಿನಿಂದ ಕೂಟಕ್ಕೆ ಬಂದವನು ತುಂಬಿದವನಾಗಿ ಎದ್ದನು.

ಹೊರಗೆ ಸಭೆಯವರಿಗೂ ಸುಖವಿರಲಿಲ್ಲ. 1664ರ ಕಾನೂನಿನ ಪ್ರಕಾರ, ಮನೆಯವರ ಹೊರತು ಐದು ಮಂದಿ ಅಥವಾ ಹೆಚ್ಚು ಜನರು ಇಂಥ ಆರಾಧನೆಗೆ ಕೂಡುವದು ಅಪರಾಧವಾಯಿತು. 1670ರಲ್ಲಿ ಬೆಡ್‌ಫೋರ್ಡಿನ ವಿಶ್ವಾಸಿಗಳು ಒಂದು ಮನೆಯಲ್ಲಿ ಕೂಡಿದ್ದಕ್ಕಾಗಿ ಜುಲ್ಮಾನೆಗೆ ಗುರಿಯಾಗಿ, ಅವರ ಪಾತ್ರೆಪದಾರ್ಥಗಳೂ ಸರಕುಗಳೂ ಜಪ್ತಿಯಾದವು. ಆದರೂ ಕೂಡಿಬರುವದನ್ನು ಬಿಡಲಿಲ್ಲ. 1672ರ ಜನವರಿಯಲ್ಲಿ, ಇನ್ನೂ ಸೆರೆಯಾಳಾಗಿದ್ದ ಬನ್ಯನನನ್ನೇ ತಮ್ಮ ಪಾಲಕನನ್ನಾಗಿ ಆರಿಸಿಕೊಂಡರು. ಆ ವರುಷ ಅರಸನ ಸಡಿಲಿಕೆಯ ಆಜ್ಞೆಯಿಂದ ಅವನಿಗೆ ಬಿಡುಗಡೆಯಾಯಿತು. ಸಭೆಯವರು ಒಂದು ತೋಟದಲ್ಲಿದ್ದ ಕಣಜವನ್ನು 50 ಪೌಂಡಿಗೆ ಕೊಂಡು ಆರಾಧನೆಗೆ ಉಪಯೋಗಿಸಿದರು. ಅದೇ ಸ್ಥಳದಲ್ಲಿ ಆ ಸಭೆಯು ಇಂದಿಗೂ ಕೂಡಿಬರುತ್ತದೆ.

1678ರಲ್ಲಿ ‘ಯಾತ್ರಿಕನ ಸಂಚಾರ’ವು ಪ್ರಕಟವಾಯಿತು. ಅದನ್ನು ಓದಿದವರು ನೆನಪುಮಾಡಿಕೊಳ್ಳಲಿ: ಕ್ರೈಸ್ತನೆಂಬ ಯಾತ್ರಿಕನು ಹೊರಡುವಾಗ ಒಂಟಿಯಾದರೂ ದಾರಿಯಲ್ಲಿ ಒಬ್ಬ ಸಂಗಡಿಗನನ್ನು ಪಡೆಯುತ್ತಾನೆ, ಆ ಸಂಗಡಿಗನು ಸಾಕ್ಷಿಯಾಗಿ ಸತ್ತ ಮೇಲೆ ದೇವರು ಇನ್ನೊಬ್ಬನನ್ನು ಕೊಡುತ್ತಾನೆ. ನಿದ್ರೆ ಹತ್ತಿಸುವ ಭೂಮಿಯಲ್ಲಿ ಇಬ್ಬರೂ ಮಾತಾಡುತ್ತಾ ಒಬ್ಬರನ್ನೊಬ್ಬರು ಎಚ್ಚರಪಡಿಸುತ್ತಾರೆ. ಕೊನೆಯ ಹೊಳೆಯಲ್ಲಿ ಮುಳುಗುವವನ ತಲೆಯನ್ನು ಜತೆಗಾರನೇ ಎತ್ತಿಹಿಡಿಯುತ್ತಾನೆ. 1684ರಲ್ಲಿ ಬಂದ ಎರಡನೆಯ ಭಾಗದಲ್ಲಿ ಹೆಂಗಸರು, ಮಕ್ಕಳು, ಕುಂಟರು, ಅಂಜುಬುರುಕರು ಒಂದು ಗುಂಪಾಗಿಯೇ ನಡೆಯುತ್ತಾರೆ.

1688ರಲ್ಲಿ ಬನ್ಯನನು ಒಬ್ಬ ತಂದೆಯನ್ನೂ ಮಗನನ್ನೂ ಸಮಾಧಾನಪಡಿಸುವದಕ್ಕಾಗಿ ದೂರ ಹೋಗಿ, ಮಳೆಯಲ್ಲಿ ನೆನೆದು ಲಂಡನ್ ಪಟ್ಟಣಕ್ಕೆ ಬಂದು, ಜ್ವರದಿಂದ ಆಗಸ್ಟ್ 31ರಂದು ತೀರಿಹೋದನು. ಮರು ವರುಷವೇ ಇಂಥ ಸಭೆಗಳಿಗೆ ಕಾನೂನಿನಿಂದ ಅನುಮತಿ ದೊರೆಯಿತು. ಅದನ್ನು ಅವನು ಕಾಣಲಿಲ್ಲ.

ಪ್ರಿಯ ವಾಚಕರೇ, ಹಾಸಿಗೆ ಹಿಡಿದ ರೋಗಿಯೂ, ನಡೆಯಲಾರದ ಮುದುಕರೂ ಮನೆಯಲ್ಲಿ ಮಾಡುವ ಪ್ರಾರ್ಥನೆಯನ್ನು ದೇವರು ಕೇಳುತ್ತಾನೆ. ಅವರ ಮೇಲೆ ನಾವು ಭಾರವನ್ನು ಹೊರಿಸುವದಿಲ್ಲ. ಅವರ ಮನೆಗೆ ನಾವೇ ಹೋಗಿ ಕೂಡಬೇಕು. ಆದರೆ ಕಾಲುಳ್ಳವರಾದ ನಾವು ಕೂಟವನ್ನು ಬಿಡುವಾಗ ನಮ್ಮ ನಷ್ಟವನ್ನು ಮಾತ್ರ ಎಣಿಸುತ್ತೇವೆ. ಬರಿದಾದ ನಮ್ಮ ಸ್ಥಳವನ್ನು ನೋಡಿ ಕುಂದಿಹೋಗುವ ಬಲಹೀನ ಸಹೋದರನನ್ನು ಎಣಿಸುವದಿಲ್ಲ. ಸ್ಯಾಮ್‌ಸೆಲಿನ ಆ ಮನೆಯ ಹೊರಗೆ ಬನ್ಯನನು ಎಣಿಸಿದ್ದು ಅವನನ್ನೇ. ಬರುವ ಆದಿತ್ಯವಾರ ಗಂಟೆಯು ಬಾರಿಸುವಾಗ ನಾವೂ ಅವನನ್ನು ನೆನಸಿ ಏಳುವ ಹಾಗೆ ಕರ್ತನು ನಮಗೆ ಕೃಪೆಮಾಡಲಿ.