ಕಣ್ಣಿನ ವೈದ್ಯ ಡಾ. ಎಂ.ಸಿ. ಮೋದಿ

ಮನುಷ್ಯನಿಗೆ ದೊರೆತ ಅನುಗ್ರಹಗಳಲ್ಲಿ ದೃಷ್ಟಿ ಬಹು ದೊಡ್ಡದು. ಆದರೆ ಅದರ ಬೆಲೆ ನಮಗೆ ತಿಳಿಯುವುದು ಕಣ್ಣು ಮಂಜಾದಾಗಲೇ. ವಾಸಿಯಾಗುವ ಕುರುಡುತನವನ್ನೂ ಹಣವಿಲ್ಲದೆ, ವೈದ್ಯರಿಲ್ಲದೆ ಹಣೆಬರಹವೆಂದು ಹೊತ್ತು ಬದುಕಿದವರು ನಮ್ಮ ಹಳ್ಳಿಗಳಲ್ಲಿ ಅಸಂಖ್ಯ. ಅಂಥವರ ಬಾಗಿಲಿಗೆ ಹೋದವರು ಡಾ. ಮುರಿಗೆಪ್ಪ ಚನ್ನವೀರಪ್ಪ ಮೋದಿ.

ಅವರು ಜನಿಸಿದ್ದು ಅಂದಿನ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ. ಬೆಳಗಾವಿಯಲ್ಲಿ ಆಯುರ್ವೇದ ಕಲಿತು, ಮುಂಬಯಿಯಲ್ಲಿ ವೈದ್ಯವೃತ್ತಿ ಆರಂಭಿಸಿದರು. 1942ರ ಚಳವಳಿಯ ದಿನಗಳಲ್ಲಿ ಗಾಂಧೀಜಿಯವರ ಮಾತು ಕೇಳಿ ಅವರ ಮನಸ್ಸು ಬದಲಾಯಿತು. ಸಂಪಾದನೆಯ ದಾರಿ ಬಿಟ್ಟು ಬಡವರ ಸೇವೆಗೆ ನಿಂತರು. 1943ರಲ್ಲಿ ಗುಜರಾತಿನ ಪಾಟಣದಲ್ಲಿ ಮೊದಲ ಉಚಿತ ನೇತ್ರ ಶಿಬಿರ ನಡೆಸಿದರು.

ಕಣ್ಣಿನೊಳಗಿನ ಮಸೂರ ಮಸುಕಾಗುವುದೇ ಪೊರೆ. ಪ್ರಾಚೀನರು ಅದನ್ನು ಸೂಜಿಯಿಂದ ಬದಿಗೆ ತಳ್ಳುತ್ತಿದ್ದರು. ಸುಮಾರು 1,000 ವರ್ಷಗಳ ಹಿಂದೆ ಮೋಸುಲ್‌ನ ಅಮ್ಮಾರ್ ಇಬ್ನ್ ಅಲಿ ಟೊಳ್ಳು ಸೂಜಿಯೊಂದನ್ನು ರೂಪಿಸಿ ಮೃದುವಾದ ಪೊರೆಯನ್ನು ಹೀರಿ ತೆಗೆದರು. ಮೋದಿಯವರ ಕಾಲದಲ್ಲಿ ಕಣ್ಣಿನ ಅಂಚನ್ನು ಕೊಯ್ದು ಮಸೂರವನ್ನೇ ಹೊರತೆಗೆದು, ಬಳಿಕ ದಪ್ಪ ಗಾಜಿನ ಕನ್ನಡಕ ಕೊಡುವುದು ರೂಢಿಯಾಗಿತ್ತು.

ತಿರುಪತಿಯಲ್ಲಿ ಒಂದೇ ದಿನ ಅವರು 833 ಶಸ್ತ್ರಚಿಕಿತ್ಸೆ ಮಾಡಿದರು. 14 ತಾಸು ಎಡೆಬಿಡದೆ ದುಡಿದರೂ ಒಂದು ಕಣ್ಣಿಗೆ ಸಿಗುವುದು ಒಂದೇ ನಿಮಿಷ! ರೋಗಿಗಳನ್ನು ಮೊದಲೇ ಸಿದ್ಧಗೊಳಿಸುವ ಸಹಾಯಕರ ಶಿಸ್ತಿಲ್ಲದೆ ಇದು ಸಾಧ್ಯವಿರಲಿಲ್ಲ. 1993ರ ಫೆಬ್ರವರಿಯ ವೇಳೆಗೆ ಅವರು 46,120 ಹಳ್ಳಿಗಳಿಗೆ ಭೇಟಿ ಕೊಟ್ಟು, 6,10,564 ಶಸ್ತ್ರಚಿಕಿತ್ಸೆ ಮಾಡಿದ್ದರೆಂದು ಗಿನ್ನೆಸ್ ದಾಖಲೆ ಹೇಳುತ್ತದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರನ್ನು ಅರಸಿ ಬಂದವು. 2005ರ ನವೆಂಬರ್‌ನಲ್ಲಿ ಅವರು ನಿಧನರಾದರು. ಬೆಂಗಳೂರಿನ ಮೋದಿ ಆಸ್ಪತ್ರೆ ರಸ್ತೆ ಇಂದಿಗೂ ಅವರನ್ನು ನೆನಪಿಸುತ್ತದೆ.

ಇಂದು ಶಾಲೆಯ ಕೊಠಡಿಯಲ್ಲೋ ಡೇರೆಯಲ್ಲೋ ಕಣ್ಣು ಕೊಯ್ಯುವ ಪದ್ಧತಿ ಉಳಿದಿಲ್ಲ. ಸೋಂಕಿನ ಭಯದಿಂದ ಶಸ್ತ್ರಚಿಕಿತ್ಸೆ ಆಸ್ಪತ್ರೆಯೊಳಗೆ ಸೇರಿದೆ. ಮಸುಕಾದ ಮಸೂರದ ಜಾಗದಲ್ಲಿ ಕೃತಕ ಮಸೂರ ಕೂರಿಸುತ್ತಾರೆ. ಉಪಕರಣಗಳು ಬದಲಾಗಿವೆ, ಆದರೆ ರೋಗಿ ಮತ್ತು ವೈದ್ಯರ ನಡುವಿನ ದೂರ ಇನ್ನೂ ಪೂರ್ತಿ ಅಳಿದಿಲ್ಲ.

ಕುಡತಿನಿಯಂಥ ಊರಿನ ಮನೆಮನೆಯಲ್ಲೂ ವೃದ್ಧ ತಂದೆತಾಯಿಗಳಿದ್ದಾರೆ. ವಯಸ್ಸಾಯಿತು, ಇನ್ನೇಕೆ ಚಿಕಿತ್ಸೆ ಎಂದು ಅವರು ಸುಮ್ಮನಿರಬಹುದು, ಮಕ್ಕಳು ಸುಮ್ಮನಿರಬಾರದು. ಮೋದಿಯವರು ಅಪರಿಚಿತರನ್ನು ಹುಡುಕಿಕೊಂಡು ಸಾವಿರಾರು ಹಳ್ಳಿ ಸುತ್ತಿದರು. ಹೆತ್ತವರ ಕೈ ಹಿಡಿದು ಆಸ್ಪತ್ರೆಯವರೆಗೆ ನಡೆಯುವುದು ನಮಗೆ ಭಾರವಾಗಬೇಕೇ?