ರಕ್ತದೊಳಗಿನ ಕಬ್ಬಿಣ

ನಮ್ಮ ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವುದು ಹಿಮೋಗ್ಲೋಬಿನ್ ಎಂಬ ಪ್ರೋಟೀನು. ಶ್ವಾಸಕೋಶಗಳಿಂದ ಆಮ್ಲಜನಕವನ್ನು ಹೊತ್ತು ಅಂಗಾಂಗಗಳಿಗೆ ಒಯ್ಯುವುದು ಇದರ ಕೆಲಸ. ಸುಮಾರು ೧೦,೦೦೦ ಪರಮಾಣುಗಳುಳ್ಳ ಇದರ ಒಂದೊಂದು ಅಣುವಿನಲ್ಲಿಯೂ ಕಬ್ಬಿಣದ ಪರಮಾಣುಗಳು ನಾಲ್ಕೇ ನಾಲ್ಕು. ಆಮ್ಲಜನಕವು ಬಂದು ನೆಲೆಸುವುದು ಆ ನಾಲ್ಕರಲ್ಲಿಯೇ. ಈ ಅಣುವಿನ ರೂಪವನ್ನು ಕಂಡುಹಿಡಿದವರು ಮ್ಯಾಕ್ಸ್ ಪೆರುಟ್ಸ್.

ಪೆರುಟ್ಸರು ೧೯೧೪ರ ಮೇ ೧೯ರಂದು ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ಜನಿಸಿದರು. ಮನೆತನದವರು ಬಟ್ಟೆಯ ಉದ್ಯಮದಿಂದ ಸಿರಿವಂತರಾಗಿದ್ದರು. ಮಗನು ಕಾನೂನು ಓದಿ ಉದ್ಯಮವನ್ನು ನಡೆಸಲೆಂಬುದು ತಂದೆತಾಯಿಗಳ ಬಯಕೆ. ಮಗನ ಮನಸ್ಸು ಒಲಿದುದು ರಸಾಯನಶಾಸ್ತ್ರಕ್ಕೆ. ೧೯೩೬ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ಗೆ ತೆರಳಿದ ಅವರು, ಮರುವರ್ಷ ಕುದುರೆಯ ಹಿಮೋಗ್ಲೋಬಿನ್ನಿನ ಹರಳುಗಳನ್ನು ಕ್ಷ-ಕಿರಣಗಳಿಂದ ಪರೀಕ್ಷಿಸಲು ತೊಡಗಿದರು.

೧೯೩೮ರಲ್ಲಿ ಹಿಟ್ಲರನ ಜರ್ಮನಿಯು ಆಸ್ಟ್ರಿಯಾವನ್ನು ನುಂಗಿತು. ಯೆಹೂದಿ ಮೂಲದ ಆ ಕುಟುಂಬವು ಸರ್ವಸ್ವವನ್ನೂ ಕಳೆದುಕೊಂಡು ನಿರಾಶ್ರಿತವಾಯಿತು. ವಿಧಿಯ ವಿಪರ್ಯಾಸವೆಂದರೆ, ೧೯೪೦ರಲ್ಲಿ ಬ್ರಿಟನ್ನು ಪೆರುಟ್ಸರನ್ನು ಶತ್ರುದೇಶದ ಪ್ರಜೆಯೆಂದು ಬಂಧಿಸಿ ಕೆನಡಾಕ್ಕೆ ಸಾಗಿಸಿತು! ಮರುವರ್ಷ ಅವರು ಕೇಂಬ್ರಿಜ್‌ಗೆ ಮರಳಿದರು.

ಹರಳಿನ ಮೂಲಕ ಹಾಯ್ದ ಕಿರಣಗಳು ಛಾಯಾಫಲಕದ ಮೇಲೆ ಅಸಂಖ್ಯ ಚುಕ್ಕೆಗಳನ್ನು ಮೂಡಿಸುತ್ತಿದ್ದವು. ಚುಕ್ಕೆಗಳ ಗಾಢತೆಯನ್ನು ಅಳೆಯಬಹುದಾಗಿತ್ತು. ಆದರೆ ಅವನ್ನು ಮೂಡಿಸಿದ ಅಲೆಗಳು ಒಂದಕ್ಕೊಂದು ಎಷ್ಟು ಹಿಂದುಮುಂದಾಗಿ ಬಂದವೆಂಬುದು ತಿಳಿಯುತ್ತಿರಲಿಲ್ಲ. ಅದು ತಿಳಿಯದೆ ಅಣುವಿನ ರೂಪವನ್ನು ಬಿಡಿಸುವಂತಿರಲಿಲ್ಲ. ವರ್ಷಗಳ ದುಡಿಮೆ ಇಲ್ಲಿಗೆ ಬಂದು ನಿಂತಿತು. ಕೊನೆಗೆ ೧೯೫೩ರಲ್ಲಿ ದಾರಿ ತೋರಿದುದು ಇನ್ನೊಂದು ಲೋಹವಾದ ಪಾದರಸ. ಅದರ ಪರಮಾಣುಗಳನ್ನು ಹಿಮೋಗ್ಲೋಬಿನ್ನಿಗೆ ಅಂಟಿಸಿದಾಗ ಅಣುವಿನ ಆಕಾರ ಕೆಡಲಿಲ್ಲ, ಚುಕ್ಕೆಗಳ ಗಾಢತೆ ಮಾತ್ರ ಬದಲಾಯಿತು. ಆ ವ್ಯತ್ಯಾಸವನ್ನೇ ಹಿಡಿದು ಲೆಕ್ಕ ಹಾಕುತ್ತ ೧೯೫೯ರಲ್ಲಿ ಅಣುವಿನ ಸ್ಥೂಲರೂಪವನ್ನು ಕಂಡರು. ನಾಲ್ಕು ಸರಪಳಿಗಳು ಮಡಿಚಿಕೊಂಡು ಒಂದುಗೂಡಿದ್ದವು. ಒಂದೊಂದರ ಮಡಿಲಲ್ಲಿ ಒಂದೊಂದು ಕಬ್ಬಿಣ. ಕೆಲಸ ತೊಡಗಿ ಆಗಲೇ ೨೨ ವರ್ಷಗಳು ಸಂದಿದ್ದವು.

ಸ್ನಾಯುಗಳಲ್ಲಿ ಆಮ್ಲಜನಕವನ್ನು ಕೂಡಿಡುವ ಮಯೋಗ್ಲೋಬಿನ್ನಿನ ರಚನೆಯನ್ನು ಬಿಡಿಸಿದ ಜಾನ್ ಕೆಂಡ್ರೂ ಅವರೊಡನೆ ೧೯೬೨ರಲ್ಲಿ ಪೆರುಟ್ಸರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇತರರು ಇಲ್ಲಿಗೆ ತೃಪ್ತರಾಗುತ್ತಿದ್ದರೇನೋ. ಅಣುವು ಹೇಗೆ ಕೆಲಸ ಮಾಡುತ್ತದೆಂಬುದು ತಿಳಿಯದೆ ಪೆರುಟ್ಸರಿಗೆ ಸಮಾಧಾನವಿರಲಿಲ್ಲ. ೧೯೭೦ರಲ್ಲಿ ಅವರು ಅದನ್ನು ವಿವರಿಸಿದರು. ಆಮ್ಲಜನಕ ಸೇರಿದೊಡನೆ ಕಬ್ಬಿಣವು ತನ್ನ ಸ್ಥಾನದಿಂದ ಅತ್ಯಲ್ಪವಾಗಿ ಸರಿಯುತ್ತದೆ. ಆ ಚಲನೆಯು ಸರಪಳಿಗಳನ್ನು ಜರುಗಿಸಿ, ಉಳಿದ ಕಬ್ಬಿಣಗಳು ಆಮ್ಲಜನಕವನ್ನು ಹಿಡಿಯುವುದನ್ನು ಸುಲಭಗೊಳಿಸುತ್ತದೆ. ಅಂಗಾಂಶಗಳಲ್ಲಿ ಒಂದು ಕಳಚಿಕೊಂಡರೆ ಉಳಿದವುಗಳ ಹಿಡಿತವೂ ಸಡಿಲವಾಗುತ್ತದೆ. ಕೆಲವು ವಿಜ್ಞಾನಿಗಳು ಇದನ್ನು ಒಪ್ಪದೆ ವಾದಿಸಿದರು. ಪೆರುಟ್ಸರು ಹೊಸ ಹೊಸ ಪ್ರಯೋಗಗಳಿಂದ ಉತ್ತರ ಕೊಡುತ್ತ ಹೋದರು.

೧೯೭೯ರಲ್ಲಿ ಪ್ರಯೋಗಾಲಯದ ಅಧ್ಯಕ್ಷತೆಯಿಂದ ನಿವೃತ್ತರಾದ ಮೇಲೂ ಅವರು ಸಂಶೋಧನೆಯನ್ನು ನಿಲ್ಲಿಸಲಿಲ್ಲ. ೨೦೦೨ರ ಫೆಬ್ರುವರಿ ೬ರಂದು ಕೇಂಬ್ರಿಜ್‌ನಲ್ಲಿ ನಿಧನ ಹೊಂದಿದರು.