ಆಫ್ರಿಕದ ಚಲಚ್ಚಿತ್ರಗಾರ ಪಾಲಿನ್ ವಿಯೆರಾ

ಆಫ್ರಿಕದ ಚಲಚ್ಚಿತ್ರ ಚರಿತ್ರೆಯನ್ನು ಓದುವಾಗಲೆಲ್ಲ ನನ್ನನ್ನು ತಡೆದು ನಿಲ್ಲಿಸುವ ಹೆಸರು ಪಾಲಿನ್ ಸುಮಾನು ವಿಯೆರಾ ಅವರದು. ತನ್ನ ನಾಡನ್ನು ತಾನೇ ಚಿತ್ರಿಸಲು ಪರರ ಅಪ್ಪಣೆ ಬೇಕಾಗಿದ್ದ ಕಾಲದಲ್ಲಿ ಕಲಾವಿದನಾಗಹೊರಟವನ ಪಾಡೇನು? ಅವರ ಬಾಳೇ ಈ ಪ್ರಶ್ನೆಗೆ ಉತ್ತರ.

ವಿಯೆರಾ ಹುಟ್ಟಿದ್ದು 1925ರಲ್ಲಿ, ಫ್ರೆಂಚರ ವಸಾಹತಾಗಿದ್ದ ದಹೋಮಿಯ ಪೋರ್ಟೋ ನೋವೋ ಪಟ್ಟಣದಲ್ಲಿ. ಆ ನಾಡೇ ಇಂದಿನ ಬೆನಿನ್. ಬಾಲ್ಯದಲ್ಲಿಯೇ ಅವರನ್ನು ವಿದ್ಯಾಭ್ಯಾಸಕ್ಕೆಂದು ಫ್ರಾನ್ಸಿಗೆ ಕಳುಹಿಸಿದರು. ಮುಂದೆ ಪ್ಯಾರಿಸ್ಸಿನ ಹೆಸರಾಂತ ಚಲಚ್ಚಿತ್ರ ವಿದ್ಯಾಲಯವಾದ ಇಡೆಕ್‌ನಲ್ಲಿ ಕಲಿತು ತೇರ್ಗಡೆಯಾದರು. ಕಪ್ಪು ಆಫ್ರಿಕದಿಂದ ಬಂದು ಅಲ್ಲಿ ಕಲಿತವರಲ್ಲಿ ಅವರೇ ಮೊದಲಿಗರೆಂದು ಚರಿತ್ರಕಾರರು ಗಣಿಸುತ್ತಾರೆ.

ವಿದ್ಯೆಯೇನೋ ಕೈಗೆ ಬಂದಿತು, ನೆಲ ದೊರೆಯಲಿಲ್ಲ. 1934ರ ಲವಾಲ್ ಶಾಸನದಂತೆ ಫ್ರೆಂಚ್ ವಸಾಹತುಗಳಲ್ಲಿ ಚಿತ್ರ ತೆಗೆಯುವವರು ಸರ್ಕಾರದ ಅನುಮತಿ ಪಡೆಯಬೇಕಾಗಿತ್ತು. ಚಿತ್ರಕಥೆಯೂ ಅಧಿಕಾರಿಗಳ ಪರೀಕ್ಷೆಗೆ ಒಳಗಾಗಬೇಕಾಗಿತ್ತು. ವಿಯೆರಾ ಮತ್ತು ಅವರ ಗೆಳೆಯರಿಗೆ ಆಫ್ರಿಕದ ಬಾಗಿಲು ಮುಚ್ಚಿತ್ತು. ಆಗ ಅವರು ತಾವಿದ್ದ ಊರಿನಲ್ಲೇ ಆಫ್ರಿಕವನ್ನು ಹುಡುಕಿದರು. 1955ರಲ್ಲಿ ಮಮದು ಸಾರ್ ಮೊದಲಾದವರೊಡನೆ ಕೂಡಿ ‘ಆಫ್ರಿಕ್ ಸುರ್ ಸೇನ್’ ಎಂಬ ಕಿರುಚಿತ್ರವನ್ನು ನಿರ್ಮಿಸಿದರು. ‘ಸೇನ್ ನದಿಯ ಮೇಲಣ ಆಫ್ರಿಕ’ ಎಂದು ಅದರ ಅರ್ಥ. ಸುಮಾರು 20 ನಿಮಿಷಗಳ ಆ ಚಿತ್ರದಲ್ಲಿ ಪ್ಯಾರಿಸ್ಸಿನ ಬೀದಿಗಳಲ್ಲೂ ಕಾಫಿಗೃಹಗಳಲ್ಲೂ ಬಾಳುವ ಆಫ್ರಿಕದ ತರುಣ ತರುಣಿಯರಿದ್ದಾರೆ. ಅವರ ಆಸೆಯಿದೆ, ಏಕಾಕಿತನವಿದೆ.

ಇದರ ಮಹತ್ವ ಉಪಾಯದ ಜಾಣ್ಮೆಯಲ್ಲಿ ಮಾತ್ರವಿಲ್ಲವೆಂದು ನನಗೆ ತೋರುತ್ತದೆ. ಅದುವರೆಗೆ ಐರೋಪ್ಯರು ನೋಡುವವರು, ಆಫ್ರಿಕದವರು ನೋಟಕ್ಕೆ ವಸ್ತು. ಈಗ ಆಫ್ರಿಕದ ಕಣ್ಣು ಪ್ಯಾರಿಸ್ಸನ್ನು ನೋಡತೊಡಗಿತು. ಆಳುವವರ ಶಾಸನ ಇದನ್ನು ಊಹಿಸಿರಲಿಲ್ಲ.

1960ರಲ್ಲಿ ಸೆನೆಗಲ್ ಸ್ವತಂತ್ರವಾಯಿತು. ಡಾಕಾರ್‌ನಲ್ಲಿ ನೆಲೆಸಿದ ವಿಯೆರಾ ಆ ದೇಶದ ವಾರ್ತಾಚಿತ್ರಗಳ ಹೊಣೆ ಹೊತ್ತರು. ಕುಸ್ತಿಯನ್ನು ಕುರಿತ ‘ಲಾಂಬ್’, ಬೆಸ್ತರನ್ನು ಕುರಿತ ‘ಮೋಲ್’ ಆ ದಶಕದ ಕಿರುಚಿತ್ರಗಳು. ಉಸ್ಮಾನ್ ಸೆಂಬೆನ್ ಅವರ ಚಿತ್ರಗಳ ನಿರ್ಮಾಣಕ್ಕೂ ಬೆನ್ನೆಲುಬಾಗಿ ನಿಂತರು. 1972ರಲ್ಲಿ ಸೆಂಬೆನ್ ಅವರನ್ನು ಕುರಿತೂ, 1975ರಲ್ಲಿ ಆಫ್ರಿಕದ ಚಲಚ್ಚಿತ್ರದ ಇತಿಹಾಸವನ್ನು ಕುರಿತೂ ಅವರ ಗ್ರಂಥಗಳು ಹೊರಬಂದವು. ತಮ್ಮ ಒಂದೇ ಪೂರ್ಣಪ್ರಮಾಣದ ಕಥಾಚಿತ್ರವನ್ನು ಮುಗಿಸುವ ವೇಳೆಗೆ 1981 ಆಗಿತ್ತು. 1987ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು.

ಚಿತ್ರಗಳನ್ನಷ್ಟೇ ಎಣಿಸಿ ಬೆಲೆ ಕಟ್ಟುವವರಿಗೆ ವಿಯೆರಾ ಚಿಕ್ಕವರಾಗಿ ಕಂಡಾರು. ನನಗೆ ಹಾಗೆನಿಸುವುದಿಲ್ಲ. ತನ್ನ ಕೃತಿಯನ್ನು ತಡವಾಗಿಸಿಕೊಂಡು ಪರರ ಕೃತಿಗೆ ದಾರಿ ಕಡಿದವನು, ಆ ದಾರಿಯ ಚರಿತ್ರೆಯನ್ನೂ ಬರೆದಿಟ್ಟವನು, ಯಾವ ಸಾಹಿತ್ಯದಲ್ಲಾದರೂ, ಯಾವ ಕಲೆಯಲ್ಲಾದರೂ ಅಪರೂಪ. ಅಂಥವನನ್ನು ಹಿರಿಯನೆಂದು ಕರೆಯದೆ ಇನ್ನಾರನ್ನು ಕರೆಯೋಣ?